ಹಲವು ಹೆಡೆಯ ಹಾವು

ಗ್ರೀಕ್ ಪುರಾಣದ ಹೈಡ್ರಾ ಲೆರ್ನಾ ಎಂಬ ಜೌಗುನೆಲದಲ್ಲಿದ್ದ ನೀರುಹಾವು. ಅಪೊಲೊಡೋರಸನ ಹೆಸರಿನಲ್ಲಿ ಉಳಿದು ಬಂದಿರುವ ಪುರಾಣಸಂಗ್ರಹದ ಪ್ರಕಾರ ಅದಕ್ಕೆ ಒಂಬತ್ತು ತಲೆ. ಎಂಟಕ್ಕೆ ಸಾವುಂಟು, ನಡುವಿನದಕ್ಕಿಲ್ಲ. ಅದನ್ನು ಕೊಲ್ಲಲು ಬಂದ ವೀರ ಹೆರಾಕ್ಲಿಸ್ ಒಂದು ತಲೆಯನ್ನು ಜಜ್ಜಿದರೆ ಅದೇ ಜಾಗದಲ್ಲಿ ಎರಡು ಮೂಡುತ್ತಿದ್ದವು. ಸೋದರನ ಮಗ ಇಯೊಲಾಸ್ ಉರಿಯುವ ಕೊಳ್ಳಿಯಿಂದ ಕತ್ತಿನ ಬುಡ ಸುಟ್ಟ ಮೇಲೆಯೇ ಅದು ಸೋತದ್ದು. ಸಾಯದ ತಲೆಯನ್ನು ಹೂತು ಮೇಲೆ ಬಂಡೆ ಹೇರಿದರು. ಹೈಡ್ರಾಳ ತಂದೆ ಟೈಫೋನನ ಹೆಗಲಿನಿಂದ ನೂರು ಸರ್ಪಮುಖಗಳು ಎದ್ದಿದ್ದವೆಂದು ಹೆಸಿಯಾಡ್ ಬಣ್ಣಿಸುತ್ತಾನೆ; ಅವನನ್ನು ಸ್ಯೂಸ್ ಸಿಡಿಲಿನಿಂದ ಕೆಡವಿದ. ಈ ಕಥೆಗಳಲ್ಲಿ ತಲೆಗಳ ಎಣಿಕೆ ಎಂದರೆ ವೈರಿಯ ಬಲದ ಎಣಿಕೆ.

ಕನ್ನಡ ನಾಡಿನಲ್ಲಿ ಇದೇ ರೂಪ ಕಾವಲಿಗೆ ನಿಂತಿದೆ. ಬನವಾಸಿಯ ಮಧುಕೇಶ್ವರ ದೇವಾಲಯದಲ್ಲಿ ಐದು ಹೆಡೆಯ ನಾಗನ ಶಿಲೆಯೊಂದಿದೆ. ಕ್ರಿಸ್ತಶಕದ ಮೊದಲ ಶತಮಾನಗಳದ್ದು, ಚುಟು ಅರಸರ ಕಾಲದ್ದು. ಅದರ ಮೇಲಿನ ಪ್ರಾಕೃತ ಶಾಸನ ರಾಜಕುಮಾರಿ ಶಿವಸ್ಕಂದ ನಾಗಶ್ರೀ ನಾಗನನ್ನು, ಕೆರೆಯನ್ನು, ವಿಹಾರವನ್ನು ದಾನಕೊಟ್ಟ ಸಂಗತಿಯನ್ನು ಹೇಳುತ್ತದೆ. ಶಿಲ್ಪಿ ನಟಕನ ಹೆಸರನ್ನೂ ಉಳಿಸಿದೆ. ರಾಜರ ಹೆಸರೇ ಅಳಿಸಿಹೋದ ಎಷ್ಟೋ ಕಲ್ಲುಗಳ ನಡುವೆ ಕಲ್ಲು ಕಡೆದವನ ಹೆಸರು ಉಳಿದದ್ದು ಸಣ್ಣ ಸಂಗತಿಯಲ್ಲ. ನಾಗನೂ ಕೆರೆಯೂ ಒಂದೇ ದಾನದಲ್ಲಿ ಸೇರಿರುವುದು ಇನ್ನೂ ಮುಖ್ಯ. ಲೆರ್ನಾದ ಹಾವು ನೀರಿನಲ್ಲಿದ್ದ ಶತ್ರು, ಬನವಾಸಿಯ ನಾಗ ನೀರಿನ ಜೊತೆಗಾರ.

ಬಾದಾಮಿಯ ಮೂರನೆಯ ಗುಹೆಯಲ್ಲಿ, ಮಂಗಳೇಶನ 578ರ ಶಾಸನವಿರುವಲ್ಲೇ, ಅನಂತನ ಸುರುಳಿಯ ಮೇಲೆ ವಿಷ್ಣು ಕುಳಿತಿದ್ದಾನೆ. ತಲೆಯ ಹಿಂದೆ ಹೆಡೆಗಳು ಬಿಚ್ಚಿಕೊಂಡಿವೆ. ನಾಲ್ಕನೆಯ ಗುಹೆಯ ಪಾರ್ಶ್ವನಾಥನ ಮೇಲೂ ಹೆಡೆಗಳೇ. ವೈರಿ ಕಮಠ ಕಲ್ಲುಮಳೆ ಸುರಿಸಿದಾಗ ನಾಗರಾಜ ಧರಣೇಂದ್ರ ಆ ತೀರ್ಥಂಕರನಿಗೆ ಕೊಡೆಯಾದನೆಂಬುದು ಜೈನ ಕಥೆ. ಕೃಷ್ಣಾ ತೀರದಲ್ಲಿ, ವಿಜಯವಾಡದಿಂದ ದೂರವಿಲ್ಲದ ಅಮರಾವತಿಯ ಬೌದ್ಧ ಫಲಕಗಳಲ್ಲಿ ನಾಗರು ಸ್ತೂಪವನ್ನು ಸುತ್ತಿ ಕಾಯುತ್ತಾರೆ. ವೈಷ್ಣವ, ಜೈನ, ಬೌದ್ಧ ಮೂವರೂ ಒಪ್ಪಿದ ರೂಪ ಇದು. ಹಂಪಿಯ ಉಗ್ರನರಸಿಂಹನ (1528) ಮೇಲಿರುವುದು ಆದಿಶೇಷನ ಏಳು ಹೆಡೆ. ಕನ್ನಡ ಶಾಸನಗಳೂ ಇರುವ ಆಂಧ್ರದ ಗಡಿಯ ಲೇಪಾಕ್ಷಿಯಲ್ಲಿ ಒಂದೇ ಬಂಡೆಯ ಏಳು ಹೆಡೆಯ ನಾಗ ಲಿಂಗಕ್ಕೆ ನೆರಳಾಗಿದ್ದಾನೆ.

ಭಾರತದ ಕಥೆಗಳಲ್ಲಿ ಹಾವಿನ ಮೇಲಿನ ಹಗೆ ಇಲ್ಲವೆಂದಲ್ಲ. ಜನಮೇಜಯ ಸರ್ಪಯಾಗವನ್ನೇ ಮಾಡಿದ. ಆದರೆ ಆಸ್ತೀಕ ಬಂದು ಅದನ್ನು ನಿಲ್ಲಿಸಿದ. ಹೈಡ್ರಾಳಿಗೆ ತೀರ ಹತ್ತಿರದವನು ಕಾಳಿಯ. ಅವನಿಗೂ ಹಲವು ಹೆಡೆ, ಅವನೂ ನೀರಿನಲ್ಲಿದ್ದವನು; ಯಮುನೆಯ ಮಡುವಿಗೆ ವಿಷ ಬೆರೆಸಿದ್ದ. ಕೃಷ್ಣ ಎತ್ತಿದ ಹೆಡೆಯನ್ನೆಲ್ಲ ತುಳಿದು ಕುಣಿದ, ಒಂದನ್ನೂ ಕಡಿಯಲಿಲ್ಲ. ನಾಗಪತ್ನಿಯರು ಬೇಡಿಕೊಂಡಾಗ ಸಂಸಾರಸಮೇತ ಕಡಲಿಗೆ ಹೋಗೆಂದು ಕಳುಹಿಸಿದ. ನೀರು ಶುದ್ಧವಾಯಿತು, ಹಾವೂ ಬದುಕಿತು. ಎರಡು ಕಥೆಗಳಲ್ಲಿ ಇದೇ ದೊಡ್ಡದು. ಹೈಡ್ರಾಳ ವಿಷವಾದರೋ ಹೆರಾಕ್ಲಿಸನ ಬಾಣಗಳಿಗೆ ಅಂಟಿ, ಬಹುಕಾಲದ ಮೇಲೆ ಒಂದು ಅಂಗಿಯ ಮೂಲಕ ಅವನನ್ನೇ ಸುಟ್ಟಿತು.

ಆಕಾಶದಲ್ಲಿ ಮಾತ್ರ ಎರಡೂ ಪರಂಪರೆಗಳು ಒಂದೇ ಕಡೆ ಕೈ ತೋರಿಸುತ್ತವೆ. ಹೈಡ್ರಾ ನಕ್ಷತ್ರಪುಂಜದ ತಲೆಯ ಚುಕ್ಕೆಗಳೇ ಆಶ್ಲೇಷಾ. ಅದರ ಅಧಿದೇವತೆ ಸರ್ಪಗಳು. ಕಾಳಗದ ನಡುವೆ ಹೆರಾಕ್ಲಿಸನ ಕಾಲು ಕಚ್ಚಿದ ಏಡಿಯನ್ನು ಹೀರಾ ದೇವಿ ಆಕಾಶಕ್ಕೇರಿಸಿದಳೆಂದು ಗ್ರೀಕರು ಹೇಳಿದರು. ಆಶ್ಲೇಷಾ ಇರುವುದೂ ಕರ್ಕಾಟಕ ರಾಶಿಯಲ್ಲೇ. ಗರುಡನಿಗೆ ಹೆದರಿ ವಾಸುಕಿ ಅಡಗಿದನೆಂಬ ಕುಕ್ಕೆ ಸುಬ್ರಹ್ಮಣ್ಯದಲ್ಲಿ ಇಂದಿಗೂ ಆಶ್ಲೇಷಾ ಬಲಿ ಸೇವೆ ನಡೆಯುತ್ತದೆ. ಫಾಲ್ಗುಣದ ರಾತ್ರಿ ಮಖಾ ನಕ್ಷತ್ರವನ್ನು ಗುರುತಿಸಿ ಅದರ ಪಶ್ಚಿಮಕ್ಕೆ, ತುಸು ದಕ್ಷಿಣಕ್ಕೆ ನೋಡಿದರೆ ಆ ಚುಕ್ಕೆಗಳ ಸಣ್ಣ ಗುಂಪು ಬರಿಗಣ್ಣಿಗೇ ಸಿಗುತ್ತದೆ.