ಚೀಟಿಯಿಲ್ಲದ ಭ್ರೂಣಗಳು

ಭರಣಿಗೆ ಹೆಸರು ಹಚ್ಚಲು ಮರೆತು ಪೇಚಾಡುವುದು ಗೃಹಿಣಿಯರ ಪಾಲಿಗೆ ಮಾತ್ರ ಬಂದುದಲ್ಲ. ಕೋನಿಗ್ಸ್‌ಬರ್ಗಿನ ಪಂಡಿತ ಕಾರ್ಲ್ ಫಾನ್ ಬೇರರು ಮದ್ಯಸಾರದಲ್ಲಿ ಕಾಪಿಟ್ಟಿದ್ದ ಎರಡು ಪುಟ್ಟ ಭ್ರೂಣಗಳಿಗೆ ಚೀಟಿ ಅಂಟಿಸಿರಲಿಲ್ಲ. ಅವು ಹಲ್ಲಿಯವೋ, ಹಕ್ಕಿಯವೋ, ಸಸ್ತನಿಯವೋ ಹೇಳಲಾರೆನೆಂದು 1828ರ ತಮ್ಮ ಗ್ರಂಥದಲ್ಲಿ ಮುಚ್ಚುಮರೆಯಿಲ್ಲದೆ ಬರೆದರು. ಸಸ್ತನಿಯ ಅಂಡಾಣುವನ್ನು 1827ರಲ್ಲಿ ಲೋಕಕ್ಕೆ ತೋರಿಸಿಕೊಟ್ಟ ಕಣ್ಣೇ ಇಲ್ಲಿ ಸೋತಿತ್ತು!

ಬೇರರಿಗೆ ಇದು ಬೆಳವಣಿಗೆಯ ನಿಯಮ: ಸಾಮಾನ್ಯ ಲಕ್ಷಣಗಳು ಮೊದಲು, ವಿಶೇಷ ಲಕ್ಷಣಗಳು ಅನಂತರ. 1859ರಲ್ಲಿ ಡಾರ್ವಿನ್ನರು ಅದೇ ಹೋಲಿಕೆಯಲ್ಲಿ ಒಂದೇ ಮೂಲದಿಂದ ಕವಲೊಡೆದ ಕುಲದ ಗುರುತನ್ನು ಕಂಡರು. ಮೊದಲ ಮುದ್ರಣದಲ್ಲಿ ಈ ಪ್ರಸಂಗವನ್ನು ಅಗಾಸಿ ಎಂಬ ಇನ್ನೊಬ್ಬ ಪಂಡಿತರ ಹೆಸರಿಗೆ ಬರೆದುಬಿಟ್ಟಿದ್ದರೆನ್ನಿ. ಚೀಟಿ ಮತ್ತೊಮ್ಮೆ ತಪ್ಪಿತು! ಭ್ರೂಣ ಹೇಗೆ ರೂಪುಗೊಳ್ಳುತ್ತದೆಂಬುದು ಒಬ್ಬರ ಪ್ರಶ್ನೆ. ಆ ರೂಪ ಎಲ್ಲಿಂದ ಬಂದಿತೆಂಬುದು ಇನ್ನೊಬ್ಬರದು. ತಮ್ಮ ಭ್ರೂಣಗಳೇ ಸಾಕ್ಷಿ ನಿಂತರೂ ಬೇರರು 1876ರಲ್ಲಿ ತೀರಿಕೊಳ್ಳುವವರೆಗೂ ಡಾರ್ವಿನ್ನರ ವಾದಕ್ಕೆ ಒಪ್ಪಲಿಲ್ಲ. ಹಟವೆನ್ನಬಹುದು. ಆದರೂ ಪೂರ್ವಜರ ಕಥೆ ಹೇಳಿದ ಮಾತ್ರಕ್ಕೆ ಭ್ರೂಣಕ್ಕೆ ಕೈಕಾಲು ಮೂಡುವ ಬಗೆ ತಿಳಿಯುವುದಿಲ್ಲವಷ್ಟೆ.

ಈ ಎರಡು ಪ್ರಶ್ನೆಗಳು ಮುಖಾಮುಖಿಯಾದ ಒಂದು ಪ್ರಯೋಗವನ್ನು ಬಾಸೆಲ್ ನಗರದ ವಾಲ್ಟರ್ ಗೇರಿಂಗರ ತಂಡ 1995ರಲ್ಲಿ ಪ್ರಕಟಿಸಿತು. ಕಣ್ಣು ರೂಪಿಸುವ ಇಲಿಯ ಜೀನೊಂದನ್ನು ಅವರು ಹಣ್ಣಿನ ನೊಣಕ್ಕೆ ಸೇರಿಸಿದ್ದರು. ಅದರ ಸೋದರ ಜೀನು ನೊಣದಲ್ಲಿಯೂ ಉಂಟು. ಎರಡಕ್ಕೂ ಅದು ಪಿತ್ರಾರ್ಜಿತ. ನೊಣದ ಮೈಮೇಲೆ ಇರಬಾರದ ಕಡೆ ಕಣ್ಣು ಮೂಡಿತು. ಇಲಿಯ ಕಣ್ಣಲ್ಲ, ನೊಣದ ಕಣ್ಣೇ.