ಕೆಲಸವಿಲ್ಲದ ಮೂರು ದಿನ

ಕಾರ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಹೆಂಗಸೊಬ್ಬಳು ಚೀಲ ಹಿಡಿದು ನಿಂತರೆ ಪರಿಚಯದವರು ಎರಡು ಪ್ರಶ್ನೆ ಕೇಳಿಯೇ ಕೇಳುತ್ತಾರೆ. ‘ಓಡೆಗ್?’ ಎಂಬುದು ಮೊದಲನೆಯದು. ಎಲ್ಲಿಗೆ ಎಂದು ಹೇಳಿಯಾದ ಮೇಲೆ ‘ದಾದ ಬೇಲೆ?’ ಎಂಥ ಕೆಲಸ ಎಂದು. ಕೇಳುವವರ ಮನಸ್ಸಿನಲ್ಲಿ ಕೆಡುಕೇನೂ ಇಲ್ಲ. ಕೆಲಸವಿಲ್ಲದೆ ಪೇಟೆಗೆ ಹೋಗುವುದು ನಮ್ಮ ಕಡೆ ರೂಢಿಯೇ ಅಲ್ಲ, ಅಷ್ಟೆ.

ನಮಗೆ ಪೇಟೆ ಎಂದರೆ ಉಡುಪಿ. ಬೈಲೂರು, ಹಿರಿಯಡ್ಕ, ಪರ್ಕಳ, ಮಣಿಪಾಲ ದಾಟಿ ಸುಮಾರು ಮೂವತ್ತೈದು ಕಿಲೋಮೀಟರು. ಅಜ್ಜಿಯ ಕಣ್ಣಿಗೆ ಪೊರೆ ಬಂತೆಂದು ಮಣಿಪಾಲ, ಅಕ್ಕನ ಮದುವೆಯ ಸೀರೆಗೆಂದು ಉಡುಪಿ, ಪರ್ಯಾಯಕ್ಕೆಂದು ರಾತ್ರಿಯಿಡೀ ರಥಬೀದಿ. ಮುಂದೆ ಮಗನ ಫೀಸು, ಅತ್ತೆಯ ಸ್ಕ್ಯಾನಿಂಗು. ಐವತ್ತೇಳು ವರ್ಷಗಳಲ್ಲಿ ಎಷ್ಟು ಸಲ ಹೋಗಿದ್ದೇನೆಂದು ಲೆಕ್ಕವಿಲ್ಲ. ಸುಮ್ಮನೆ ಹೋದದ್ದು ಮಾತ್ರ ಒಮ್ಮೆಯೂ ಇಲ್ಲ.

ಭುವನೇಂದ್ರ ಕಾಲೇಜಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳಿಗೂ ಹಾಗೆಯೇ. ‘ಒಂದು ದಿನ ಇಬ್ಬರೇ ಹೋಗುವ, ಎಂಥ ಕೆಲಸವೂ ಇಟ್ಟುಕೊಳ್ಳದೆ’ ಎಂದು ಮೂರು ವರ್ಷವೂ ಹೇಳಿಕೊಂಡೆವು. ಡಿಗ್ರಿ ಮುಗಿದ ಮರುವರ್ಷ ಅವಳಿಗೆ ಬ್ಯಾಂಕಿನಲ್ಲಿ ನೌಕರಿ ಸಿಕ್ಕಿ ಮುಂಬಯಿ ಸೇರಿದಳು. ನಾನು ಶಾಲೆಗೆ ಕನ್ನಡ ಟೀಚರಾಗಿ ಊರಲ್ಲೇ ಉಳಿದೆ. ಅವಳು ಊರಿಗೆ ಬಂದಾಗಲೂ ಮದುವೆ, ಉತ್ತರಕ್ರಿಯೆಯ ಬೊಜ್ಜ, ಜಾಗದ ತಕರಾರು ಎಂದು ಒಂದಲ್ಲ ಒಂದು ಕೆಲಸ. ಈಗ ಅವಳಿಗೆ ಸ್ವಯಂನಿವೃತ್ತಿ, ನನಗೆ ದಸರಾ ರಜೆ. ಡೊಂಬಿವಲಿಯಿಂದ ಫೋನು ಬಂತು. ‘ಮೂರು ದಿನ ಇಟ್ಟುಕೊಳ್ಳು. ಉಡುಪಿಯಲ್ಲಿ ರೂಮು ಮಾಡುವ.’

ನಮ್ಮ ಯಜಮಾನರು ನಿಜಕ್ಕೂ ಬೆರಗಾದರು. ‘ಕಾರ್ಕಳದವರು ಉಡುಪಿಯಲ್ಲಿ ರೂಮು ಮಾಡುವುದುಂಟಾ? ಒಂದು ಗಂಟೆಯ ದಾರಿ.’ ಉಂಟು ಅಂದೆ.

ರೂಮು ಮಾಡಿದ್ದರ ಪುಣ್ಯ ಮರುದಿನ ಬೆಳಗ್ಗೆ ಐದೂವರೆಗೇ ಗೊತ್ತಾಯಿತು. ಪರ್ಯಾಯದ ಗದ್ದಲವಿಲ್ಲದೆ ಆ ಹೊತ್ತಿನ ರಥಬೀದಿಯನ್ನು ನಾವಿಬ್ಬರೂ ಕಂಡಿರಲಿಲ್ಲ. ಕಾರ್ಕಳದ ಮೊದಲ ಬಸ್ಸು ಬರುವ ಮೊದಲಿನ ಉಡುಪಿ ಅದು. ಬೀದಿ ಒದ್ದೆ. ಅಂಗಡಿಗಳ ಬಾಗಿಲು ಮುಚ್ಚಿದೆ. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶಿರೂರು, ಸೋದೆ, ಕಾಣಿಯೂರು, ಪೇಜಾವರ ಎಂದು ಬಾಯಿಪಾಠ ಮಾಡಿದ್ದ ಎಂಟು ಮಠಗಳನ್ನು ಮೊದಲ ಸಲ ಒಂದೊಂದಾಗಿ ಬೋರ್ಡು ಓದುತ್ತ ಸುತ್ತು ಹಾಕಿದೆವು. ಮೊದಲು ಚಂದ್ರಮೌಳೀಶ್ವರ, ಆಮೇಲೆ ಅನಂತೇಶ್ವರ, ಅದಾದ ಮೇಲೆ ಕೃಷ್ಣ ಎಂಬ ಹಳೆಯ ಕ್ರಮದಲ್ಲೇ ಹೋದೆವು. ಉಡುಪ ಎಂದರೆ ನಕ್ಷತ್ರಗಳ ಒಡೆಯ, ಚಂದ್ರ. ಊರಿನ ಹೆಸರು ಅವನಿಂದ ಬಂತೆನ್ನುತ್ತಾರೆ. ಚಂದ್ರನಿಗೆ ಮೊದಲ ಮರ್ಯಾದೆ ಕೊಟ್ಟು ಕೃಷ್ಣನ ಹತ್ತಿರ ಹೋಗುವ ಈ ಕ್ರಮ ನನಗೆ ತುಂಬ ಇಷ್ಟ.

ನವಗ್ರಹ ಕಿಂಡಿಯ ಎದುರು ಅಷ್ಟು ಹೊತ್ತಿಗೆ ಸಾಲೇ ಇರಲಿಲ್ಲ. ಬೆಳ್ಳಿಯ ಒಂಬತ್ತು ಕಿಂಡಿಗಳ ಆಚೆ ಕಡೆಗೋಲು ಹಿಡಿದ ಪುಟ್ಟ ಮೂರ್ತಿ. ಹಿಂದೆಲ್ಲ ಯಾರೋ ತಳ್ಳಿ, ಯಾರೋ ಎಳೆದು, ಅರೆಗಳಿಗೆ ಕಂಡ ದೇವರನ್ನು ಆವತ್ತು ಸಮಾಧಾನದಲ್ಲಿ ನೋಡಿದೆವು. ಅವಳು ಏನೂ ಬೇಡಿಕೊಳ್ಳಲಿಲ್ಲವಂತೆ. ನಾನೂ ಬೇಡಿಕೊಳ್ಳಲಿಲ್ಲ. ದೇವರ ಎದುರೂ ಕೆಲಸವಿಲ್ಲದೆ ನಿಂತದ್ದು ಅದೇ ಮೊದಲು.

ಮಧ್ವಸರೋವರದ ಹಿಂದೆ ಕಟ್ಟಿಗೆ ರಥದ ಹತ್ತಿರ ಅವಳು ಬಹಳ ಹೊತ್ತು ನಿಂತಳು. ಎರಡು ವರ್ಷಕ್ಕೊಮ್ಮೆ ಜನವರಿ 18ರ ಬೆಳಗಿನ ಜಾವ ಕೃಷ್ಣಪೂಜೆಯ ಸರದಿಯಾದ ಪರ್ಯಾಯ ಒಂದು ಮಠದಿಂದ ಇನ್ನೊಂದಕ್ಕೆ ಹೋಗುತ್ತದೆ. ಅದಕ್ಕೆ ಎಷ್ಟೋ ಮೊದಲೇ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ ಎಂದು ತಯಾರಿ. ಮುಂದಿನ ಅನ್ನದಾನಕ್ಕೆ ಬೇಕಾದ ಸೌದೆಯನ್ನು ಹಾಗೇ ರಾಶಿ ಹಾಕದೆ ರಥದ ಆಕಾರದಲ್ಲಿ ಪೇರಿಸುತ್ತಾರೆ. ಮಧ್ವಾಚಾರ್ಯರ ಕಾಲದಲ್ಲಿ ಎರಡೆರಡು ತಿಂಗಳಿಗೆ ಬದಲಾಗುತ್ತಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ವಾದಿರಾಜರು. ‘ಎರಡು ತಿಂಗಳಲ್ಲಿ ಯಾರಿಗೆ ಏನು ಮಾಡಲಿಕ್ಕೆ ಆಗುತ್ತದೆ ಹೇಳು? ಎರಡು ವರ್ಷ ಕೊಟ್ಟರೆ ಒಬ್ಬ ಮನುಷ್ಯ ಏನಾದರೂ ಕಟ್ಟಬಹುದು’ ಎಂದಳು. ಎಷ್ಟೋ ಊರಿಗೆ ವರ್ಗವಾಗಿ ಹೋಗಿ ಬಂದವಳ ಮಾತು ಅದು.

ಏಳು ಗಂಟೆಗೆ ಮಿತ್ರ ಸಮಾಜ ಹೋಟೆಲು. ತಿಂಡಿಯ ವಿಷಯವನ್ನು ನಾನು ಅವಸರದಲ್ಲಿ ಹೇಳಲಾರೆ. ಬನ್ಸ್ ಎಂದರೆ ಏನೆಂದು ಘಟ್ಟದ ಮೇಲಿನವರಿಗೆ ಹೇಳುವುದೇ ಕಷ್ಟ. ಹೆಚ್ಚು ಹಣ್ಣಾದ ಬಾಳೆಹಣ್ಣು ಕಿವುಚಿ, ಮೈದಾ, ಮೊಸರು, ಸ್ವಲ್ಪ ಸಕ್ಕರೆ, ಜೀರಿಗೆ ಹಾಕಿ ರಾತ್ರಿ ಕಲಸಿಟ್ಟ ಹಿಟ್ಟು ಬೆಳಗ್ಗೆ ಎಣ್ಣೆಯಲ್ಲಿ ಉಬ್ಬುತ್ತದೆ. ಹೊರಗೆ ಕಂದು, ಒಳಗೆ ಜೇನುಗೂಡಿನ ಹಾಗೆ ಬಲೆ. ಮೊದಲ ತುತ್ತಿಗೆ ಸಿಹಿ, ಚಟ್ನಿ ತಾಗಿದಾಗ ಖಾರ, ಕೊನೆಗೆ ಹಲ್ಲಿಗೆ ಸಿಗುವ ಜೀರಿಗೆ. ಗೋಳಿಬಜೆಯನ್ನು ಬಿಸಿ ಇರುವಾಗಲೇ ಮುರಿಯಬೇಕು. ಒಳಗಿನ ಹಬೆ ಮೂಗಿಗೆ ಬರಬೇಕು, ಹಸಿಮೆಣಸಿನ ಚೂರು ನಾಲಗೆಗೆ ತಾಗಬೇಕು. ಅವಳು ಮುಂಬಯಿಯಲ್ಲಿ ಉಡುಪಿ ಎಂಬ ಹೆಸರು ಹೊತ್ತ ಎಷ್ಟೋ ಹೋಟೆಲುಗಳಲ್ಲಿ ಊಟ ಮಾಡಿದವಳು. ಆ ಹೋಟೆಲುಗಳನ್ನು ಅವಳು ಪ್ರೀತಿಯಿಂದಲೇ ನೆನೆಯುತ್ತಾಳೆ, ಅವುಗಳ ಅಡುಗೆಮನೆಯಲ್ಲಿ ತುಳು ಕೇಳಿಸುತ್ತದೆ ಎಂಬ ಕಾರಣಕ್ಕೆ. ಆದರೆ ಬನ್ಸ್ ಮಾತ್ರ ಈ ಉಪ್ಪುಗಾಳಿ ಇದ್ದಲ್ಲಿಯೇ ಆಗುವುದು ಎಂದು ತೀರ್ಪು ಕೊಟ್ಟಳು. ಒಪ್ಪಿದೆ. ಇನ್ನೊಂದು ಪ್ಲೇಟು ತರಿಸಿದೆವು.

ಆಮೇಲೆ ಅವಳು ಕರೆದುಕೊಂಡು ಹೋದದ್ದು ಹಾಜಿ ಅಬ್ದುಲ್ಲಾ ಸಾಹೇಬರ ಮನೆಗೆ. ಅದೀಗ ಬ್ಯಾಂಕಿನ ಕಥೆ ಹೇಳುವ ಮ್ಯೂಸಿಯಂ. 1906ರಲ್ಲಿ ಅವರು ಐದು ಸಾವಿರ ರೂಪಾಯಿ ಬಂಡವಾಳದಲ್ಲಿ ಇಲ್ಲಿ ಶುರುಮಾಡಿದ್ದು ಮುಂದೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. ಮೊದಲ ದಿನದ ಕೊನೆಗೆ ಅಲ್ಲಿ ಸೇರಿದ್ದ ಹಣ 38 ರೂಪಾಯಿ 13 ಆಣೆ 2 ಪೈ. ಆ ಎರಡು ಪೈಯನ್ನೂ ಬಿಡದೆ ಬರೆದಿಟ್ಟಿದ್ದಾರಲ್ಲ, ಅದನ್ನು ಅವಳು ಎರಡೆರಡು ಸಲ ಹೇಳಿದಳು. ಇದೇ ಊರಿನಲ್ಲಿ 1925ರಲ್ಲಿ ಟಿ.ಎಂ.ಎ. ಪೈ, ಉಪೇಂದ್ರ ಪೈ, ವಾಮನ ಕುಡ್ವ ಸೇರಿ ಕಟ್ಟಿದ್ದು ಸಿಂಡಿಕೇಟ್ ಬ್ಯಾಂಕ್. ಅವರು 1928ರಲ್ಲಿ ತಂದದ್ದು ಪಿಗ್ಮಿ: ದಿನಕ್ಕೆ ಎರಡಾಣೆ ಉಳಿಸಿದರೂ ಸಾಕು, ಬ್ಯಾಂಕೇ ಮನೆ ಬಾಗಿಲಿಗೆ ಬರುತ್ತದೆ. ನನ್ನ ಅಪ್ಪನ ಅಂಗಡಿಗೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಪಿಗ್ಮಿಯವರು ಬರುತ್ತಿದ್ದರು. ಬಗಲಲ್ಲಿ ಚೀಲ, ಕೈಯಲ್ಲಿ ರಶೀದಿ ಪುಸ್ತಕ. ವ್ಯಾಪಾರವಾಗದ ದಿನ ಅಪ್ಪ ತಲೆ ತಗ್ಗಿಸಿದರೆ ‘ನಾಳೆ ಕೊಡಿ’ ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದರು. ನನ್ನ ಬಿ.ಎ. ಫೀಸು ಹಾಗೆ ಕೂಡಿದ ಹಣ.

ಅವಳು ದುಡಿದದ್ದು ಆ ಸಿಂಡಿಕೇಟಿನಲ್ಲೇ. 2020ರ ಏಪ್ರಿಲ್ 1ರಂದು ಅದು ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದೇ ದಿನ ಕಾರ್ಪೊರೇಷನ್ ಬ್ಯಾಂಕು ಯೂನಿಯನ್ ಬ್ಯಾಂಕಿನಲ್ಲಿ. ‘ಬೋರ್ಡು ಇಳಿಸುವಾಗ ನಾನು ನೋಡಲಿಕ್ಕೆ ಹೋಗಲಿಲ್ಲ’ ಎಂದಳು. ಒಂದು ಸಣ್ಣ ಊರು ತನ್ನ ನೇಕಾರರು, ಮೀನುಗಾರರು, ಅಂಗಡಿಯವರ ಚಿಲ್ಲರೆಯಿಂದ ಎರಡು ದೊಡ್ಡ ಬ್ಯಾಂಕು ಕಟ್ಟಿದ್ದು ದೇಶದಲ್ಲಿ ಎಲ್ಲ ಕಡೆ ನಡೆಯುವ ಮಾತಲ್ಲ. ಆ ಹೆಸರುಗಳು ಉಳಿಯಬೇಕಿತ್ತು ಎಂಬುದು ನನ್ನ ಖಚಿತ ಅಭಿಪ್ರಾಯ.

ಮರುದಿನ ಮಣಿಪಾಲ. ಟೈಗರ್ ಸರ್ಕಲ್ಲಿನಲ್ಲಿ ಇಳಿದರೆ ಕಿವಿಗೆ ಬೀಳುವುದು ಮಲಯಾಳಂ, ಹಿಂದಿ, ಬಂಗಾಳಿ, ಇಂಗ್ಲಿಷ್. ಮರ ಕೂಡ ಸರಿಯಾಗಿ ಹಿಡಿಯದ ಮುರಕಲ್ಲಿನ ಬೋಳುಗುಡ್ಡದಲ್ಲಿ 1953ರಲ್ಲಿ ಟಿ.ಎಂ.ಎ. ಪೈಗಳು ಕಸ್ತೂರ್ಬಾ ಮೆಡಿಕಲ್ ಕಾಲೇಜು ತೆರೆದದ್ದರಿಂದ ಇಷ್ಟೆಲ್ಲ ಬೆಳೆಯಿತು. ಆಸ್ಪತ್ರೆಯ ಗೇಟಿನ ಎದುರು ಇಬ್ಬರ ಕಾಲೂ ತಾನಾಗಿ ನಿಧಾನವಾಯಿತು. ನನ್ನ ಅಜ್ಜಿ, ಅವಳ ತಂದೆ, ನನ್ನ ಅತ್ತೆ, ಎಲ್ಲರನ್ನೂ ಈ ಗೇಟಿನಿಂದಲೇ ಒಳಗೆ ಕರೆದುಕೊಂಡು ಹೋದದ್ದು. ಆ ದಿನಗಳಲ್ಲಿ ಗುಡ್ಡದ ಆಚೆ ಏನುಂಟೆಂದು ನೋಡುವ ಮನಸ್ಸು ಯಾರಿಗಿತ್ತು? ಈ ಸಲ ಗೇಟು ದಾಟಿ ಮುಂದೆ ನಡೆದೆವು. ಊರಿಗೆ ಹೆಸರು ಕೊಟ್ಟ ಮಣ್ಣಪಳ್ಳದ ಕೆರೆಗೆ ಒಂದು ಸುತ್ತು ಬಂದೆವು. ಸಂಜೆ ಎಂಡ್ ಪಾಯಿಂಟಿನ ಅಂಚಿಗೆ ನಿಂತರೆ ಆಳದಲ್ಲಿ ಸ್ವರ್ಣಾ ನದಿ, ಎರಡೂ ದಡಕ್ಕೆ ತೆಂಗು. ನಮ್ಮ ಕಾರ್ಕಳದ ಕಡೆಯಿಂದಲೇ ಹರಿದು ಬರುವ ನೀರು. ಇಷ್ಟು ಮೇಲಿನಿಂದ ಅದನ್ನು ಕಂಡಿರಲಿಲ್ಲ.

ಮಣಿಪಾಲದಲ್ಲಿ ನಮ್ಮ ಹೆಚ್ಚು ಹೊತ್ತು ತೆಗೆದುಕೊಂಡದ್ದು ವಿಜಯನಾಥ ಶೆಣೈಯವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್. ಶೆಣೈಯವರೂ ಬ್ಯಾಂಕ್ ನೌಕರರಾಗಿದ್ದವರು. ಊರೂರಲ್ಲಿ ಹಳೆಯ ಮನೆಗಳನ್ನು ಕೆಡವಿ ಕಂಬ, ತೊಲೆ, ಬಾಗಿಲನ್ನು ಸೌದೆಯ ಬೆಲೆಗೆ ಮಾರುತ್ತಿದ್ದ ಕಾಲದಲ್ಲಿ ಅವರು ಆ ಮನೆಗಳನ್ನೇ ಬಿಡಿಬಿಡಿಯಾಗಿ ಬಿಚ್ಚಿ, ಗುರುತು ಹಾಕಿ, ತಂದು, ಇಲ್ಲಿ ಮತ್ತೆ ಜೋಡಿಸಿ ನಿಲ್ಲಿಸಿದರು. ಕುಂಜೂರಿನ ಚೌಕಿಮನೆ ಉಂಟು, ಕುಕನೂರಿನ ಕಮಲಮಹಲ್ ಉಂಟು, ದಖ್ಖನಿ ನವಾಬರ ಮಹಲು ಉಂಟು. ಒಂದು ಮನೆಯ ಎದುರು ನಿಂತು ಹೆಸರು ಕೇಳಿದಾಗ ನಾವು ಮುಖ ಮುಖ ನೋಡಿಕೊಂಡೆವು. ಮಿಯಾರಿನ ಮನೆ. ಮಿಯಾರು ಎಂದರೆ ನಮ್ಮ ಕಾರ್ಕಳದ ಪಕ್ಕದ ಊರು, ಕಂಬಳದ ಮಿಯಾರು! ಶಾಲೆಯ ದಾರಿಯಲ್ಲಿ ಸಿಗಬಹುದಾಗಿದ್ದ ಮನೆಯನ್ನು ನೋಡಲು ನಾವು ಪೇಟೆಗೆ ಬರಬೇಕಾಯಿತು. ಜಗಲಿಯ ಕಂಬವನ್ನು ಅವಳು ಮುಟ್ಟಿ ನೋಡಿದಳು. ‘ನಮ್ಮ ಅಜ್ಜನ ಮನೆಯಲ್ಲೂ ಇಂಥದ್ದೇ ಎರಡು ಕಂಬ ಇತ್ತು ಮಾರಾಯ್ತಿ. ಯಾರು ಕೊಂಡುಹೋದರೋ.’ 2017ರಲ್ಲಿ ತೀರಿಕೊಂಡ ಶೆಣೈಯವರಿಗೆ ಅಲ್ಲೇ ಕೈಮುಗಿದೆವು.

ಮೂರನೆಯ ದಿನ ಕಾಪು. ಬಸ್ಸಿಳಿದು ಮಾರಿಗುಡಿಗೆ ಹೋಗಿ, ಅಲ್ಲಿಂದ ಕಡಲಿಗೆ. ಬಂಡೆಯ ಮೇಲಿನ ದೀಪಸ್ತಂಭ 1901ರದ್ದು, ಎತ್ತರ ಇಪ್ಪತ್ತೇಳು ಮೀಟರು. ಮಂಡಿನೋವಿನ ಇಬ್ಬರು ಹೆಂಗಸರು ಸುತ್ತು ಮೆಟ್ಟಿಲನ್ನು ನಿಂತು ನಿಂತು ಹತ್ತಿದೆವು. ಮೇಲೆ ಹೋದ ಮೇಲೆ ಮಾತು ನಿಂತಿತು. ಮಳೆಗಾಲ ಮುಗಿದು ಕಡಲು ಇಳಿದಿತ್ತು. ಉತ್ತರಕ್ಕೂ ದಕ್ಷಿಣಕ್ಕೂ ಮುಗಿಯದ ಮರಳು, ತೆಂಗಿನ ಹಸಿರು, ನಡುನಡುವೆ ಹಂಚಿನ ಕೆಂಪು. ಈ ಕಡೆಯವರು ಹಿಂದೆ ಮುಂಬಯಿಗೆ ಹಡಗಿನಲ್ಲಿ ಹೋಗುತ್ತಿದ್ದ ಕಾಲದಲ್ಲಿ ಇಂಥ ದೀಪವೇ ಊರಿನ ಕೊನೆಯ ಗುರುತು. ಅವಳು ಕಂಬಿಗೆ ಒರಗಿ ಉತ್ತರದ ಕಡೆ ನೋಡುತ್ತಿದ್ದಳು. ಅವಳ ಗಂಡ ತೀರಿಕೊಂಡ ವಿಷಯವನ್ನು ನಾಲ್ಕು ವರ್ಷಗಳಲ್ಲಿ ಫೋನಿನಲ್ಲಿ ಎಷ್ಟು ಮಾತಾಡಿದ್ದೆವೋ. ಅಲ್ಲಿ ಒಂದು ಮಾತೂ ಆಡಲಿಲ್ಲ. ಕೈ ಹಿಡಿದುಕೊಂಡೆ, ಅಷ್ಟೆ. ಕಾವಲಿನವರು ಹೊತ್ತಾಯಿತೆಂದು ಕರೆಯುವವರೆಗೂ ನಿಂತಿದ್ದೆವು.

ಕಾಪು ಪೇಟೆಗೆ ಮರಳಿ ಮಲ್ಲಿಗೆ ಕೊಂಡೆವು. ಕಾಪುವಿನ ಒಳಗಿನ ಶಂಕರಪುರ ಮಲ್ಲಿಗೆಯ ತವರು. ಅಲ್ಲಿ ಜಾತಿಮತದ ಲೆಕ್ಕವಿಲ್ಲದೆ ಮನೆಮನೆಯ ಅಂಗಳದಲ್ಲಿ ಗಿಡ. ಬೆಳಗ್ಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಕಟ್ಟಿ, ಹೂವಿನ ಕಟ್ಟೆಗೆ ಕೊಡಬೇಕು. ಎಂಟುನೂರು ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ದರ ದಿನದಿನಕ್ಕೂ ಏರುತ್ತದೆ, ಇಳಿಯುತ್ತದೆ. ಮದುವೆಯ ದಿನಗಳಲ್ಲಿ ಕೈಗೆ ಸಿಗುವುದಿಲ್ಲ. ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳ ಫೀಸು, ಬಳೆ, ಅಡುಗೆಮನೆಯ ಗ್ರೈಂಡರು ಈ ನಾರಿನಿಂದಲೇ ಬಂದದ್ದು. ಒಂದು ಅಟ್ಟೆಯಲ್ಲಿ ಮೂರು ಸಾವಿರದ ಇನ್ನೂರು ಮೊಗ್ಗು. ಕಟ್ಟಿದವಳ ಬೆರಳು ಅಷ್ಟು ಸಲ ಮಡಚಿ ಬಿಚ್ಚಿರಬೇಕು. ಅಂಗಡಿಯವರಲ್ಲಿ ನಾವು ಚೌಕಾಸಿ ಮಾಡಲಿಲ್ಲ.

ಶಿರ್ವ, ಬೆಳ್ಮಣ್ಣು, ನಿಟ್ಟೆ ದಾರಿಯಾಗಿ ಕಾರ್ಕಳಕ್ಕೆ ಬಂದಾಗ ಹೊತ್ತು ಇಳಿದಿತ್ತು. ‘ಮನೆಗೆ ಈಗಲೇ ಬೇಡ’ ಎಂದಳು. ಚತುರ್ಮುಖ ಬಸದಿಯ ಜಗಲಿಯಲ್ಲಿ ಕೂತೆವು. 1586ರಲ್ಲಿ ಇಮ್ಮಡಿ ಭೈರರಸ ಕಟ್ಟಿಸಿದ್ದು. ಯಾವ ದಿಕ್ಕಿನಿಂದ ಬಂದರೂ ಒಂದೇ ರೀತಿಯ ಬಾಗಿಲು, ಒಳಗೆ ಒಂದೇ ರೀತಿಯ ಮೂವರು ತೀರ್ಥಂಕರರು. ಇಂಥವರು ಹಿಂಬಾಗಿಲಿಂದ ಬಂದರು ಎನ್ನುವ ಹಾಗೇ ಇಲ್ಲ. ಎದುರಿನ ಗುಡ್ಡದಲ್ಲಿ ನಲವತ್ತೆರಡು ಅಡಿಯ ಗೊಮ್ಮಟ. 1432ರ ಫೆಬ್ರವರಿ 13ರಂದು ವೀರಪಾಂಡ್ಯ ನಿಲ್ಲಿಸಿದಂದಿನಿಂದ ಹಾಗೇ ನಿಂತಿದ್ದಾನೆ. ಧರ್ಮಸ್ಥಳದ ಬಾಹುಬಲಿಯನ್ನು ರೆಂಜಾಳ ಗೋಪಾಲ ಶೆಣೈಯವರು ಕೆತ್ತಿದ್ದೂ ನಮ್ಮ ಊರಿನಲ್ಲೇ. 1970ರ ದಶಕದಲ್ಲಿ ಅದು ಊರು ಬಿಟ್ಟು ಹೊರಟಾಗ ನಾವಿಬ್ಬರೂ ಸಣ್ಣವರು, ಯಾರ ಯಾರದ್ದೋ ಹೆಗಲ ಮೇಲೆ ಕೂತು ನೋಡಿದವರು. ಅವಳಿಗೆ ಧೂಳು ನೆನಪುಂಟು. ನನಗೆ ಜನರ ಬೊಬ್ಬೆ.

ಪಕ್ಕದಲ್ಲಿ ಕೂತಿದ್ದ ಹಿರಿಯರೊಬ್ಬರು ನಮ್ಮ ಚೀಲ ನೋಡಿ ಕೇಳಿದರು. ‘ಎಲ್ಲಿಂದ ಬಂದದ್ದಮ್ಮ? ಎಂಥ ಕೆಲಸದ ಮೇಲೆ?’

‘ಇದೇ ಊರು’ ಎಂದಳು ಅವಳು. ‘ಕೆಲಸ ಎಂಥದ್ದೂ ಇಲ್ಲ, ಸುಮ್ಮನೆ.’

ಅವರು ಒಂದು ಗಳಿಗೆ ನಮ್ಮನ್ನು ನೋಡಿ, ‘ಒಳ್ಳೆಯದಾಯಿತು’ ಎಂದು ಗೊಮ್ಮಟನ ಕಡೆ ತಿರುಗಿ ಕೂತರು.

ಮರುದಿನ ಉಡುಪಿಯ ಇಂದ್ರಾಳಿ ಸ್ಟೇಷನ್ನಿನಲ್ಲಿ ಅವಳನ್ನು ಮತ್ಸ್ಯಗಂಧ ರೈಲಿಗೆ ಹತ್ತಿಸಿದೆ. ಕೈಚೀಲದಲ್ಲಿ ಬಾಳೆಲೆಯಲ್ಲಿ ಸುತ್ತಿದ ಎರಡು ಚೆಂಡು ಮಲ್ಲಿಗೆ, ಉಳಿದೆರಡು ನನ್ನ ಮನೆಯಲ್ಲಿ. ಮುಂಬಯಿಗೆ ನಾನು ಈವರೆಗೆ ಹೋದದ್ದು ಎರಡು ಸಲ, ಭಾವನ ಆಪರೇಷನ್ನಿಗೆ ಒಮ್ಮೆ, ಅವಳ ಮಗಳ ಮದುವೆಗೆ ಒಮ್ಮೆ. ಬೇಸಿಗೆ ರಜೆಗೆ ಮತ್ತೆ ಹೋಗುವವಳಿದ್ದೇನೆ. ಎಂಟು ದಿನ. ಅಲ್ಲಿ ನನಗೆ ಯಾವ ಕೆಲಸವೂ ಇಲ್ಲ.