ತಿರುಗಿ ಫೋನ್ ಹಚ್ಚು ತಮ್ಮಾ

ಹೈದರಾಬಾದಿನ ಅಮೀರ್‌ಪೇಟೆಯಲ್ಲಿ, ಮೈತ್ರಿವನಂ ಸುತ್ತಮುತ್ತ, ಎತ್ತ ನೋಡಿದರೂ ಜಾವಾ, ಪೈಥಾನ್ ಕೋರ್ಸುಗಳ ಬೋರ್ಡು. ಅಲ್ಲೊಂದು ಸಂಸ್ಥೆಯಲ್ಲಿ, ವಿಚಾರಿಸಿ ಹೋದ ಹುಡುಗರಿಗೆ ಫೋನ್ ಮಾಡುವುದು ನನ್ನ ಕೆಲಸ. ಎತ್ತದಿದ್ದರೆ ವಾಟ್ಸಾಪಿನಲ್ಲಿ ದನಿ ಕಳಿಸಬೇಕು. ಹೇಳಬೇಕಾದದ್ದನ್ನು ತೆಲುಗು, ಇಂಗ್ಲಿಷಿನಲ್ಲಿ ಬರೆದುಕೊಟ್ಟಿದ್ದಾರೆ. ರಾಯಚೂರು, ಬೀದರ್, ಕಲಬುರಗಿಯ ಹುಡುಗರಿಗೆ ಮಾತ್ರ ನಾನು ಕನ್ನಡದಲ್ಲೇ, "ತಮ್ಮಾ, ಪುರುಸೊತ್ತಾದಾಗ ತಿರುಗಿ ಫೋನ್ ಹಚ್ಚು" ಅನ್ನುತ್ತೇನೆ. 1956ರ ತನಕ ಆ ಜಿಲ್ಲೆಗಳಿಗೂ ಈ ಊರೇ ರಾಜಧಾನಿಯಾಗಿತ್ತಲ್ಲ!

ಹಚ್ಚುತ್ತಾರೆ, ಹೆಚ್ಚಾಗಿ ಅಪ್ಪಂದಿರು. "ಯವ್ವಾ, ಖರೇ ನೌಕರಿ ಸಿಗ್ತದೇನು?"

ಇದಕ್ಕೆ ಉತ್ತರ ಆ ಹಾಳೆಯಲ್ಲಿಲ್ಲ. ಭಾಷೆ ನಂಬಿ ಕೇಳಿದವರಿಗೆ ಸುಳ್ಳು ಹೇಳಲಾದೀತೇ? "ಕಲಿಸ್ತಾರ್ರೀ ಕಾಕಾ, ನೌಕರಿ ಅವನೇ ಹುಡುಕ್ಕೋಬೇಕು" ಅನ್ನುತ್ತೇನೆ.

ಕೆಲವರು ಸುಮ್ಮನೆ ಫೋನ್ ಇಡುತ್ತಾರೆ. ಕೆಲವರು, "ಇದ್ದದ್ದು ಹೇಳಿದಿ ನೋಡವ್ವಾ" ಎಂದು ಮಗನನ್ನು ಬಸ್ಸು ಹತ್ತಿಸುತ್ತಾರೆ.